ಬಂಡೆಯ ಕೆಳಗೆ ಎಷ್ಟು ನೆಲ

ಮನೆಯ ಮುಂದಿನ ಹಾಸುಬಂಡೆಯ ಮೇಲೆ ಆ ಮಷೀನು ತಂದಿಟ್ಟ ದಿನದಿಂದ ಮೈಲಮ್ಮನಿಗೆ ನಿದ್ದೆ ಹತ್ತಲಿಲ್ಲ.

ಮಷೀನೇನು ಭಾರೀ ದೊಡ್ಡದಲ್ಲ. ಡೈರಿಗೆ ಒಯ್ಯುವ ಹಾಲಿನ ಕ್ಯಾನಿನಷ್ಟಿತ್ತು, ಮೂರು ಕಾಲಿನ ಪೀಠದ ಮೇಲೆ ಕೂರುತ್ತಿತ್ತು. ಗುಡುಗುಡು ಅನ್ನುತ್ತಿರಲಿಲ್ಲ, ಹೊಗೆ ಬಿಡುತ್ತಿರಲಿಲ್ಲ, ನೆಲಕ್ಕೆ ತೂತು ಹಾಕುತ್ತಿರಲಿಲ್ಲ. ಹಾಕಿದ್ದರೆ ಆಕೆ ಇಷ್ಟು ಹೆದರುತ್ತಿರಲಿಲ್ಲ ಎನ್ನಿ. ಬೋರ್ ಲಾರಿಗಳ ಆರ್ಭಟ ಕೇಳಿ ಕೇಳಿ ಕಿವಿ ಮಂದವಾದ ಸೀಮೆ ಅದು. ಇದು ಬಾಯಿ ಬಿಡದ ಮಷೀನು. ಸುಮ್ಮನೆ ಬಂಡೆಯ ಮೇಲೆ ಕೂತು ನೆಲದ ಒಳಗನ್ನು ನೋಡುತ್ತಿತ್ತು. ಅದು ನೋಡುವಷ್ಟು ಹೊತ್ತು ಸುತ್ತಲಿದ್ದವರೂ ಉಸಿರು ಬಿಗಿಹಿಡಿದು ನಿಲ್ಲಬೇಕಿತ್ತು.

"ಅಮ್ಮಾರ, ಸ್ವಲ್ಪ ಹೊತ್ತು ಖಾರ ಕುಟ್ಟೋದು ನಿಲ್ಲಸ್ರಿ. ಕುರಿ ಆ ಕಡಿ ಹೊಡೀರಿ. ಯಾರೂ ಓಡಾಡಬ್ಯಾಡ್ರಿ," ಎನ್ನುತ್ತಿದ್ದಳು ಮಷೀನಿನ ಒಡತಿ ಸುಕನ್ಯಾ. ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿಯ ಮಗಳು. ಅಪ್ಪ ಅಂಗಡಿ ನೋಡಿಕೋ ಅಂದರೆ, ಭೂಮಿಯ ಹೊಟ್ಟೆ ನೋಡುತ್ತೇನೆ ಎಂದು ವಿಶ್ವವಿದ್ಯಾಲಯ ಸೇರಿದವಳು. ಜೀಪು ಓಡಿಸಲು ಕೂಡ್ಲಿಗಿಯ ರಾಮಾಂಜನೇಯ ಇದ್ದ.

ಕೆಲಸವೇನೆಂದು ಕೇಳಿದವರಿಗೆ ಸುಕನ್ಯಾ ಬೇಸರವಿಲ್ಲದೆ ಹೇಳುತ್ತಿದ್ದಳು. ಭೂಮಿ ಎಲ್ಲವನ್ನೂ ತನ್ನ ಕಡೆಗೆ ಸೆಳೆಯುತ್ತದಲ್ಲ, ಆ ಸೆಳೆತ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೀಗೆ ತಾಲೂಕು ತಾಲೂಕು ತಿರುಗಿ ರಸ್ತೆ ಬದಿಯಲ್ಲಿ ಅದನ್ನು ಅಳೆದರೆ, ಭೂಮಿಯ ಗಟ್ಟಿ ತೊಗಟೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಲೆಕ್ಕ ಹಾಕಬಹುದು. ಹೇಳುವವಳಿಗೆ ಇದು ಇಷ್ಟೇ. ಕೇಳುವವರ ತಲೆಯೊಳಗೆ ಅದು ಏನಾಗಿ ಬೆಳೆಯುತ್ತದೆ ಎಂದು ಆಕೆ ಯೋಚಿಸಲಿಲ್ಲ. ಓದಿದವರು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ಉಜ್ಜಿನಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಇತ್ತು ಮೈಲಮ್ಮನ ಹಟ್ಟಿ. ಮಷೀನು ಬೇರೆ ಊರುಗಳಲ್ಲಿ ಒಂದು ಸಲ ಕೂತು ಎದ್ದು ಹೋಗುತ್ತಿತ್ತಂತೆ. ಮೈಲಮ್ಮನ ಮನೆ ಮುಂದೆ ಮಾತ್ರ ದಿನಾ ಬೆಳಿಗ್ಗೆ ಬರುತ್ತಿತ್ತು, ದಿನಾ ಸಂಜೆ ಬರುತ್ತಿತ್ತು. ಬಂದು ಅದೇ ಬಂಡೆಯ ಮೇಲೆ, ಅದೇ ಜಾಗದಲ್ಲಿ, ಒಂದು ಬೆರಳಿನಷ್ಟೂ ಅತ್ತಿತ್ತ ಆಗದ ಹಾಗೆ ಕೂರುತ್ತಿತ್ತು. ಜಾಗ ತಪ್ಪಬಾರದೆಂದು ರಾಮಾಂಜನೇಯ ಅಲ್ಲಿ ಹಳದಿ ಬಣ್ಣದ ಒಂದು ದುಂಡು ಬಳಿದಿದ್ದ. ಪೇಟೆಯಲ್ಲಿ ರಸ್ತೆ ಅಗಲ ಮಾಡುವ ಮೊದಲು ಮನೆಗಳ ಗೋಡೆಗೆ ಬಣ್ಣ ಬಳಿಯುವುದನ್ನು ಮೈಲಮ್ಮ ಕಂಡಿದ್ದಳು. ಬಣ್ಣ ಬಿದ್ದ ಗೋಡೆಗಳು ಆಮೇಲೆ ನಿಂತಿದ್ದನ್ನು ಕಂಡಿರಲಿಲ್ಲ.

ಒಬ್ಬಳೇ ಆಗಿದ್ದರೆ ಆಕೆ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಆದರೆ ಒಳಮನೆಯಲ್ಲಿ ಮಗಳು ಮೇಘಾ ಇದ್ದಳು, ಹೆರಿಗೆಗೆಂದು ತವರಿಗೆ ಬಂದವಳು. ಅಳಿಯ ಯರ್ರಿಸ್ವಾಮಿ ಕುರಿ ಹಿಂಡಿನ ಜೊತೆ ಹಡಗಲಿಯ ಆಚೆ ಹೊಳೆದಂಡೆಗೆ ಹೋಗಿದ್ದ. ಮೇಘಾಳ ಹೊಟ್ಟೆ ನೋಡಿದರೆ ಇವತ್ತೋ ನಾಳೆಯೋ ಅನ್ನುವ ಹಾಗಿತ್ತು. ಅದೂ ಸಲೀಸಾದ ಬಸಿರಲ್ಲ. ಹರಪನಹಳ್ಳಿಯಲ್ಲಿ ಸ್ಕ್ಯಾನ್ ಮಾಡಿದ ಮೇಲೆ ಆಶಾ ಕಾರ್ಯಕರ್ತೆ ಸುಜಾತಾ ಮನೆಗೆ ಬಂದು ತಾಯಿ ಮಗಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದಳು.

"ಮೈಲಕ್ಕಾ, ಕೂಸಿನ ಮಾಸು ಕೆಳಗ ಕುಂತೈತಿ. ಕುಲುಕಾಟ ಆತಂದ್ರ ರಕ್ತ ಹೋಗ್ತೈತಿ, ಹೋದ್ರ ನಿಲ್ಲಂಗಿಲ್ಲ. ಮುಂದಿನ ವಾರ ಆಸ್ಪತ್ರಿಗೆ ಸೇರಿಸ್ಕೊಂಡು ಆಪರೇಷನ್ ಮಾಡ್ತಾರ. ಅಲ್ಲೀ ತನಕ ಈಕಿ ಮಲಗಿದ್ದಲ್ಲಿಂದ ಏಳಬಾರ್ದು. ಆಟೋ ಗೀಟೋ ಹತ್ತಿಸಬ್ಯಾಡ. ಏನರ ಆದ್ರ ನನಗ ಫೋನ್ ಮಾಡು, ಆಂಬುಲೆನ್ಸ್ ಕರಿಸ್ತೀನಿ."

ಮೈಲಮ್ಮ ಆ ಮಾತನ್ನು ಎದೆಯಲ್ಲಿಟ್ಟುಕೊಂಡಿದ್ದಳು. ಮಗಳಿಗೆ ಮಲಗಿದಲ್ಲೇ ಊಟ, ಮಲಗಿದಲ್ಲೇ ನೀರು. ಮಗಳು ಕೆಮ್ಮಿದರೂ ಈಕೆಗೆ ಜೀವ ಝಲ್ಲೆನ್ನುತ್ತಿತ್ತು.

ನೆಲದ ಬಗ್ಗೆ ಈ ಹೆಂಗಸಿಗೆ ಯಾಕಿಷ್ಟು ಭಯ ಎಂದು ನೀವು ಕೇಳಬಹುದು. ಭಯ ಸುಮ್ಮನೆ ಬಂದದ್ದಲ್ಲ. ಮೇಘಾ ಇನ್ನೂ ಅಂಬೆಗಾಲಿಡುತ್ತಿದ್ದಾಗ ಹೊಲದಲ್ಲಿ ಬಾವಿ ತೆಗೆಸುತ್ತಿದ್ದರು. ಬಾವಿ ಆಗಷ್ಟೇ ಇಪ್ಪತ್ತಡಿ ಮುಟ್ಟಿತ್ತು. ಹಿಂದಿನ ದಿನ ಮಳೆಯಾಗಿತ್ತು, ಮಗ್ಗುಲ ಮಣ್ಣು ಹಸಿಯಾಗಿತ್ತು. ಗಂಡ ಕೊಟ್ರಸ್ವಾಮಿ ಕೆಳಗಿಳಿಯುವ ಮೊದಲು ಮೈಲಮ್ಮ, ಬಾವಿ ತೆಗೆಸುವ ಗುತ್ತಿಗೆದಾರನ ಮುಂದೆ ನಿಂತು ಕೇಳಿದ್ದಳು, "ಮಣ್ಣು ಹಸಿ ಐತಿ, ಇಳೀಬೋದೇನ್ರಿ?" ಆತ ಬೀಡಿ ಬಾಯಿಂದ ತೆಗೆಯದೆ ಅಂದಿದ್ದ, "ಏನಾಗಲ್ಲ ಬಿಡ್ರಿ ಅಮ್ಮಾ." ಮೈಲಮ್ಮ ಬುತ್ತಿ ಬಿಚ್ಚುತ್ತಿದ್ದಾಗ ಗೋಣಿಚೀಲ ಸುರುವಿದಂಥ ಒಂದು ಸದ್ದು ಕೇಳಿಸಿತು. ಕೂಗಲ್ಲ, ಚೀರಾಟವಲ್ಲ, ಬರೀ ಮಣ್ಣಿನ ಸದ್ದು. ಎದ್ದು ಹೋಗಿ ನೋಡಿದರೆ ಬಾವಿಯಿದ್ದಲ್ಲಿ ಬಾವಿಯೇ ಇರಲಿಲ್ಲ.

ಅಂದಿನಿಂದ ಆಕೆ ನೆಲವನ್ನು ನಂಬಲಿಲ್ಲ. ನಡೆಯುತ್ತಿದ್ದಳು, ದುಡಿಯುತ್ತಿದ್ದಳು, ಅದರ ಮೇಲೆಯೇ ಮಲಗುತ್ತಿದ್ದಳು. ಆದರೆ ಮಲಗಿದಾಗ ಒಂದು ಕಿವಿ ಕೆಳಗೇ ಇರುತ್ತಿತ್ತು.

ಇಂಥವಳ ಕಿವಿಗೆ ಹಾಲಸ್ವಾಮಿಯ ಮಾತು ಬಿತ್ತು ನೋಡಿ. ಹಾಲಸ್ವಾಮಿ ದಾರಿ ಬದಿಯಲ್ಲಿ ಚಹಾ, ಮಿರ್ಚಿ, ಮಂಡಕ್ಕಿ ಇಟ್ಟುಕೊಂಡು ಉಜ್ಜಿನಿಗೆ ಹೋಗಿಬರುವ ಭಕ್ತರನ್ನು ನಂಬಿ ಬದುಕುವ ಮನುಷ್ಯ. ಕೆಟ್ಟವನಲ್ಲ. ತಿಳಿದದ್ದನ್ನು ಅರ್ಧಕ್ಕೇ ಹಿಡಿದು ಊರಿಗೆಲ್ಲ ಹಂಚದಿದ್ದರೆ ಊಟ ಸೇರುತ್ತಿರಲಿಲ್ಲ, ಅಷ್ಟೆ. ಸುಕನ್ಯಾ ಚಹಾ ಕುಡಿಯಲು ಬಂದಾಗ ಆತ ಕೇಳಿದ್ದ, "ನಮ್ಮ ಹಟ್ಟಿ ಕೆಳಗ ಎಷ್ಟು ದಪ್ಪ ಐತ್ರಿ ಮೇಡಂ?"

"ಈ ಕಡಿ ತೆಳು ರೀ. ಮೂವತ್ತೈದರ ಹತ್ರ ಇರಬೋದು. ಪಡುವಲಕ್ಕ, ಹರಪನಹಳ್ಳಿ ದಾಟಿದ ಮ್ಯಾಲ ದಪ್ಪ ಆಗ್ತೈತಿ, ಐವತ್ತರ ತನಕ," ಎಂದಿದ್ದಳು ಸುಕನ್ಯಾ, ಲೋಟ ಊದುತ್ತ.

ಮೂವತ್ತೈದು ಏನು ಎಂದು ಆಕೆ ಹೇಳಲಿಲ್ಲ, ಆತ ಕೇಳಲಿಲ್ಲ. ಆ ಸೀಮೆಯಲ್ಲಿ ಆಳಕ್ಕೆ ಇರುವುದು ಒಂದೇ ಅಳತೆ. ಬೋರು ನಾನೂರು ಹೋಯಿತು ಎಂದರೆ ನಾನೂರು ಅಡಿ, ಬಾವಿ ಅರವತ್ತು ಐತಿ ಎಂದರೆ ಅರವತ್ತು ಅಡಿ. ಅಡಿ ಎಂಬ ಮಾತನ್ನು ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ. ಹಾಗಾಗಿ ಸಂಜೆಯ ಹೊತ್ತಿಗೆ ಇಡೀ ಹಟ್ಟಿಗೆ ಗೊತ್ತಾಯಿತು, ತಮ್ಮ ಕಾಲ ಕೆಳಗೆ ಮೂವತ್ತೈದು ಅಡಿ ನೆಲ ಮಾತ್ರ ಐತಂತ.

ಅಂಗಡಿಯ ಮುಂದೆ ಒಬ್ಬ ಬುದ್ಧಿವಂತ ತಕರಾರು ತೆಗೆದ. "ನನ್ನ ಬೋರು ಆರುನೂರು ಹೋಗೈತಲ್ಲೋ ಹಾಲಸ್ವಾಮಿ. ಮೂವತ್ತೈದಕ್ಕ ನೆಲ ಮುಗಿದ್ರ ಆ ಪೈಪು ಎಲ್ಲಿ ಹೋತು?"

"ನೀರು ಬಂತೇನು?"

"ಎಲ್ಲಿ ಬಂತು."

"ಮತ್ತ! ತಳ ದಾಟಿ ಟೊಳ್ಳಿನೊಳಗ ಹೋಗೈತಿ ಮಾರಾಯ. ಈ ಸೀಮ್ಯಾಗ ಇಷ್ಟು ಬೋರು ಯಾಕ ಫೇಲ್ ಆಗ್ಯಾವು ಅಂತ ಮಾಡಿ? ತಳಾನ ಇಲ್ಲ."

ಕೂತವರು ನಕ್ಕರು. ನಗುತ್ತಲೇ ಒಬ್ಬೊಬ್ಬರು ಕಾಲು ಮೇಲೆತ್ತಿ ಕಟ್ಟೆಯ ಮೇಲೆ ಇಟ್ಟುಕೊಂಡರು. ಸಕ್ಕರೆ ಕೊಳ್ಳಲು ಬಂದಿದ್ದ ಮೈಲಮ್ಮ ನಗಲಿಲ್ಲ. ಬೋರುಗಳು ಊರ ಸುತ್ತ ಎಷ್ಟಿವೆ ಎಂದು ಮನಸ್ಸಿನಲ್ಲೇ ನೆನೆಸಿಕೊಂಡಳು. ಇಷ್ಟು ತೂತು ಬಿದ್ದ ನೆಲ, ಅದರ ಮೇಲೆ ತನ್ನ ಮನೆ, ಮನೆಯೊಳಗೆ ಮಗಳು.

ಸಕ್ಕರೆ ತೆಗೆದುಕೊಳ್ಳದೆಯೇ ಆಕೆ ಮನೆಗೆ ಬಂದಳು. ಜೀಪು ಬಂದಿತ್ತು. ರಾಮಾಂಜನೇಯ ಜೀಪಿನ ಹಿಂದಿನ ಸೀಟಿನ ಹಾಸಿಗೆ ಸರಿಮಾಡುತ್ತಿದ್ದ. ಆ ಮಷೀನಿಗೆ ಜೀಪಿನಲ್ಲಿ ಸ್ಪಂಜಿನ ದಪ್ಪ ಹಾಸಿಗೆ ಇತ್ತು, ಬಾಣಂತಿಗೂ ಇಲ್ಲದ ಉಪಚಾರ. ಸ್ವಲ್ಪ ಜಿಗಿದರೂ ಅದರ ಲೆಕ್ಕ ಕೆಡುತ್ತದಂತೆ. ಅದಕ್ಕೆ ರಾಮಾಂಜನೇಯ ತಗ್ಗು ಬಂದರೆ ಜೀಪನ್ನು ಎತ್ತಿನ ಗಾಡಿಗಿಂತ ನಿಧಾನ ಮಾಡುತ್ತಿದ್ದ. ಸುಕನ್ಯಾ ಬಂಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಮಷೀನಿನ ಅಂಕಿ ಕಾಣುವ ಕಿಟಕಿ ನೋಡುತ್ತಿದ್ದಳು. ಮೈಲಮ್ಮ ಬಾಗಿಲಿಗೆ ಆತು ನಿಂತಳು.

"ಬೆಳಿಗ್ಗಿದಕ್ಕೂ ಈಗಿಂದಕ್ಕೂ ಫರಕ್ ಬಂದೈತಿ," ಎಂದಳು ಸುಕನ್ಯಾ.

"ದಿನಾ ಬರ್ತೈತಲ್ರಿ ಮೇಡಂ," ಎಂದ ರಾಮಾಂಜನೇಯ.

"ಇವತ್ತು ಜಾಸ್ತಿ ಐತಿ."

ಮೈಲಮ್ಮನ ಕಿವಿಗೆ ಅಷ್ಟೂ ಬಿತ್ತು. ದಿನಾ ಬರುತ್ತಿದೆ, ಇವತ್ತು ಜಾಸ್ತಿ ಬಂದಿದೆ. ಬೆಳಿಗ್ಗೆ ಇದ್ದ ನೆಲ ಸಂಜೆಗೆ ಇಲ್ಲ. ಇನ್ನೇನು ಬೇಕು? ಯಾಕೆ ತನ್ನ ಮನೆ ಮುಂದೆಯೇ ದಿನಾ ಎರಡು ಹೊತ್ತು ಬಂದು ನೋಡುತ್ತಾರೆ ಎಂಬುದಕ್ಕೆ ಉತ್ತರ ಸಿಕ್ಕಂತಾಯಿತು. ಜ್ವರ ಏರುತ್ತಿರುವವರ ಮೈಯನ್ನಲ್ಲವೆ ದಿನಾ ಎರಡು ಹೊತ್ತು ಮುಟ್ಟಿ ನೋಡುವುದು? ಗಟ್ಟಿಮುಟ್ಟಾಗಿರುವವರನ್ನು ಯಾರು ನೋಡುತ್ತಾರೆ?

ಆದರೂ ಕೇಳಬೇಕು ಅನ್ನಿಸಿತು. ಮಷೀನನ್ನು ಪೆಟ್ಟಿಗೆಗೆ ಇಳಿಸುತ್ತಿದ್ದ ಸುಕನ್ಯಾಳ ಹತ್ತಿರ ಹೋಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು. "ಮೇಡಂ, ಇಲ್ಲಿ... ಏನರ ಆಗ್ತೈತೇನ್ರಿ?"

ಸುಕನ್ಯಾಳಿಗೆ ಹೊತ್ತಾಗಿತ್ತು. ದಿನವಿಡೀ ಬಿಸಿಲಲ್ಲಿ ತಿರುಗಿ ತಲೆ ನೋಯುತ್ತಿತ್ತು. ಈಕೆ ಕೇಳುತ್ತಿರುವುದು ಬಂಡೆಗೆ ಬಳಿದ ಬಣ್ಣದ ಬಗ್ಗೆ ಎಂದುಕೊಂಡಳು. ತಲೆ ಎತ್ತದೆ, ನಗುತ್ತ ಅಂದಳು.

"ಏನಾಗಲ್ಲ ಬಿಡ್ರಿ ಅಮ್ಮಾ."

ಅಕ್ಷರ ಅಕ್ಷರ ಅದೇ ಮಾತು. ಅದನ್ನು ಮೈಲಮ್ಮ ಈ ಜನ್ಮದಲ್ಲಿ ಮತ್ತೊಮ್ಮೆ ಕೇಳಬಾರದು ಎಂದುಕೊಂಡಿದ್ದಳು. ಜೀಪು ಹೊರಟುಹೋದ ಮೇಲೂ ಆಕೆ ಬಂಡೆಯ ಪಕ್ಕ ನಿಂತೇ ಇದ್ದಳು, ಹಳದಿ ದುಂಡನ್ನು ತುಳಿಯದ ಹಾಗೆ ಕಾಲು ದೂರ ಇಟ್ಟುಕೊಂಡು.

ಅಂದು ರಾತ್ರಿ ಕಣ್ಣು ಮುಚ್ಚಿದಾಗಲೆಲ್ಲ ಗೋಣಿಚೀಲ ಸುರುವಿದ ಸದ್ದು ಕೇಳಿಸುತ್ತಿತ್ತು. ಬೆಳಿಗ್ಗೆ ಎದ್ದವಳೇ ಅಡುಗೆಮನೆಯ ಗೋಡೆಯಲ್ಲಿದ್ದ ಬಿರುಕಿಗೆ ಬೆರಳು ತೂರಿಸಿದಳು. ಅದು ಯಾವುದೋ ಮಳೆಗಾಲದ ಹಳೆಯ ಬಿರುಕು. ಆದರೆ ಅಂದು ಬೆರಳು ಮೊದಲಿಗಿಂತ ಒಳಗೆ ಹೋಯಿತು. ಹೋಯಿತು ಅಂತ ಆಕೆಗೆ ಅನ್ನಿಸಿತು. ಅಷ್ಟು ಸಾಕಾಯಿತು.

ಜೀಪು ಎಂದಿನಂತೆ ಬಂದು, ನೋಡಿ, ಹೋಯಿತು. ಅದು ಕಣ್ಮರೆಯಾಗುವುದನ್ನೇ ಕಾದು ಮೈಲಮ್ಮ ಲಗೇಜ್ ಆಟೋ ಓಡಿಸುವ ಅರುಣಕುಮಾರನನ್ನು ಕರೆಸಿದಳು. ಆಟೋದ ಹಿಂಭಾಗಕ್ಕೆ ಮನೆಯಲ್ಲಿದ್ದ ಕಂಬಳಿ, ಕೌದಿಗಳನ್ನೆಲ್ಲ ಹಾಸಿದಳು. ಆಮೇಲೆ ಒಳಗೆ ಹೋಗಿ ಮಗಳ ತಲೆ ಸವರಿದಳು.

"ಏಳವ್ವಾ. ತೆಲಿಗಿಗೆ ನಿಮ್ಮ ಸೋದರಮಾವನ ಮನಿಗೆ ಹೋಗೋಣು."

ಮೇಘಾ ಕಣ್ಣರಳಿಸಿದಳು. "ಯವ್ವಾ, ಕುಲುಕಬಾರ್ದು ಅಂತ ಸುಜಾತಕ್ಕ ಹೇಳ್ಯಾಳಲ್ಲ?"

"ಹೇಳ್ಯಾಳ. ನಿಧಾನಕ್ಕ ಓಡಿಸ್ತಾನ."

"ಹೋಗೋದ ಆದ್ರ ಆಂಬುಲೆನ್ಸ್ ಕರಿಸು. ಯಾಕ ಇಷ್ಟು ಗಡಬಿಡಿ?"

"ಆರಾಮ ಇದ್ದೋರಿಗೆ ಬರ್ತಾರೇನು ಅವರು? ಏಳು ನನ್ನವ್ವಾ, ಹೇಳಿದ್ದು ಕೇಳು. ಈ ಮನ್ಯಾಗ ಇರೋದು ಬ್ಯಾಡ."

ತಾಯಿಯ ಮುಖ ನೋಡಿ ಮೇಘಾ ಮೆಲ್ಲಗೆ ಎದ್ದಳು. ತಾನು ಮಾಡುತ್ತಿರುವುದು ಏನು ಎಂದು ಮೈಲಮ್ಮನಿಗೆ ಗೊತ್ತಿತ್ತು. ಕುಲುಕಿದರೆ ಮಗಳು ಹೋಗಬಹುದು, ಕುಲುಕದೆ ಇಟ್ಟುಕೊಂಡರೆ ಮನೆಯ ಸಮೇತ ಹೋಗಬಹುದು. ರಕ್ತ ಹೋದರೆ ಡಾಕ್ಟರ ಹತ್ತಿರ ಓಡಬಹುದು. ನೆಲ ಬಾಯಿ ತೆರೆದರೆ ಯಾರ ಹತ್ತಿರ ಓಡುವುದು? ತೆಲಿಗಿ ಇರುವುದು ಪಡುವಲಕ್ಕೆ, ಹರಪನಹಳ್ಳಿಯ ಆಚೆ. ಅಲ್ಲಿ ಐವತ್ತು ಐತಿ ಎಂದು ಆ ಮೇಡಮ್ಮೇ ಹೇಳಿದ್ದಾಳೆ. ಐವತ್ತು ಎಂದರೆ ಹದಿನೈದಡಿ ಹೆಚ್ಚು. ಆ ಹದಿನೈದಡಿಗೋಸ್ಕರ ಮೈಲಮ್ಮ ಮಗಳನ್ನು ಮನೆಯಿಂದ ಹೊರಡಿಸಿದಳು.

ಹಟ್ಟಿಯಿಂದ ಹರಪನಹಳ್ಳಿ ರಸ್ತೆಗೆ ಕೂಡುವ ಅಡ್ಡದಾರಿ ನೋಡಿದವರಿಗೆ ಗೊತ್ತು. ಮೆಕ್ಕೆಜೋಳದ ಲೋಡು ಹೊತ್ತ ಟ್ರ್ಯಾಕ್ಟರುಗಳು ಅದನ್ನು ಉತ್ತು ಬಿಟ್ಟಿದ್ದವು. ಅರುಣಕುಮಾರ ಪಾಪ, ತನ್ನ ಕೈಲಾದಷ್ಟು ನಿಧಾನ ಹೋದ. ಆದರೆ ಆಟೋದ ಗಾಲಿ ಚಿಕ್ಕದು, ತಗ್ಗು ದೊಡ್ಡದು. ಪ್ರತಿ ತಗ್ಗಿಗೂ ಮೈಲಮ್ಮ ಎರಡೂ ಕೈಯಿಂದ ಮಗಳ ಹೊಟ್ಟೆಯನ್ನು ಅವುಚಿಕೊಳ್ಳುತ್ತಿದ್ದಳು. "ಮೈಲಾರಲಿಂಗಾ, ಎತ್ಕೊಂಡು ದಾಟಿಸಪ್ಪಾ," ಎಂದು ಬಾಯಿ ಒಂದೇ ಸಮ ಮಣಮಣ ಅನ್ನುತ್ತಿತ್ತು. ಡಾಂಬರು ರಸ್ತೆ ಸಿಕ್ಕಿದಾಗ ಬದುಕಿದೆವು ಎಂದುಕೊಂಡಳು.

"ಯವ್ವಾ," ಎಂದಳು ಮೇಘಾ, ಬಹಳ ಸಣ್ಣ ದನಿಯಲ್ಲಿ. "ಒದ್ದಿ ಆಗೈತಿ."

ಮೈಲಮ್ಮ ಕೌದಿಯ ಕೆಳಗೆ ಕೈ ಹಾಕಿದಳು. ಕೈ ಹೊರಗೆ ತೆಗೆದಾಗ ಕೆಂಪಾಗಿತ್ತು.

ಭಯ ಒಮ್ಮೊಮ್ಮೆ ಮನುಷ್ಯನ ದನಿಯನ್ನೇ ಕಿತ್ತುಕೊಳ್ಳುತ್ತದೆ. ಮೈಲಮ್ಮ ಬಾಯಿ ತೆರೆದಳು, ಏನೂ ಹೊರಡಲಿಲ್ಲ. ಮುಂದಿನ ತಗಡಿಗೆ ಕೈಯಿಂದ ದಬದಬ ಬಡಿದಳು. ಅರುಣಕುಮಾರ ತಿರುಗಿ ನೋಡಿ, ಕೆಂಪು ಕಂಡು, ನಿಲ್ಲಿಸಬೇಕೋ ಓಡಿಸಬೇಕೋ ತಿಳಿಯದೆ ಆಟೋವನ್ನು ಇನ್ನಷ್ಟು ಜೋರಾಗಿ ಓಡಿಸಿದ. ಹಾಗೆ ಓಡಿಸಿದ್ದಕ್ಕೆ ಮೇಘಾ ಚೀರಿದಳು.

ಅಷ್ಟರಲ್ಲಿ ಮುಂದೆ ಒಬ್ಬ ರಸ್ತೆಯ ನಡುವೆ ಬಂದು ಎರಡೂ ಕೈ ಎತ್ತಿ ನಿಲ್ಲಿಸಿ ಎಂದ. ಅದು ರಾಮಾಂಜನೇಯ. ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಅದೇ ಮಷೀನು ಕೂತಿತ್ತು, ಅದರ ಮುಂದೆ ಸುಕನ್ಯಾ ಬಾಗಿದ್ದಳು. ಗಾಡಿ ಹಾದರೆ ಮಷೀನು ನಡುಗುತ್ತದೆಂದು, ಅದು ನೋಡಿ ಮುಗಿಸುವ ತನಕ ಬಂದ ಗಾಡಿಗಳನ್ನು ಹೀಗೆ ತಡೆಯುವುದು ಅವನ ಕೆಲಸ.

"ಸ್ವಲ್ಪ ತಡೀರಿ," ಎನ್ನುತ್ತ ಹತ್ತಿರ ಬಂದವನು ಆಟೋದೊಳಗೆ ಇಣುಕಿ ನೋಡಿ ಹಿಂದಕ್ಕೆ ಸರಿದ. "ಮೇಡಂ! ಮೇಡಂ, ಬರ್ರಿ ಇಲ್ಲಿ!"

ಸುಕನ್ಯಾ ಓಡಿ ಬಂದಳು. ಮೈಲಮ್ಮನ ಕೈ ನೋಡಿದಳು, ಮೇಘಾಳ ಬಿಳಿಚಿದ ಮುಖ ನೋಡಿದಳು. ರಾಮಾಂಜನೇಯನ ಕಡೆ ತಿರುಗಿದಳು. "ಮಷೀನ್ ಆಟೋಕ್ಕ ಹಾಕು. ಈಕಿನ್ನ ಜೀಪಿಗೆ ಮಲಗಿಸೋಣ."

"ಮೇಡಂ, ಆಟೋದಾಗ ಇಟ್ರ ಇವತ್ತಿಂದು ಪೂರ್ತಿ..."

"ಹಾಕು ಅಂದ್ನಲ್ಲ!"

ಮೂವರೂ ಸೇರಿ ಮೇಘಾಳನ್ನು ಕೌದಿಯ ಸಮೇತ ಎತ್ತಿ, ಮಷೀನಿಗೆಂದು ಹಾಸಿದ್ದ ಸ್ಪಂಜಿನ ಹಾಸಿಗೆಯ ಮೇಲೆ ಮಲಗಿಸಿದರು. ಆ ಜೀಪಿನ ಗಾಲಿಗಳಲ್ಲಿ ಗಾಳಿ ಕಡಿಮೆ ಇಟ್ಟಿದ್ದರು, ಮಷೀನು ಜಿಗಿಯಬಾರದೆಂದು. ಐದು ತಾಲೂಕಿನ ತಗ್ಗುದಿನ್ನೆಗಳನ್ನು ಅಷ್ಟು ದಿನ ಸವರಿಕೊಂಡು ಓಡಿಸಿದ್ದ ರಾಮಾಂಜನೇಯ ಅಂದು ಓಡಿಸಿದ ಹಾಗೆ ಹಿಂದೆಂದೂ ಓಡಿಸಿರಲಿಲ್ಲ. ಜೋರಾಗಿ ಹೋಗಬೇಕು, ಕುಲುಕಬಾರದು. ಅವನ ಕುತ್ತಿಗೆಯ ಬೆವರು ಅಂಗಿಯ ಒಳಗೆ ಇಳಿಯುತ್ತಿತ್ತು. ಸುಕನ್ಯಾ ಒಂದು ಕೈಯಲ್ಲಿ ಮೇಘಾಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಆಸ್ಪತ್ರೆಗೆ ಹೇಳುತ್ತಿದ್ದಳು, ರಕ್ತ ಹೋಗ್ತೈತಿ, ದಿನ ತುಂಬ್ಯಾವು, ತಯಾರಿ ಇರ್ರಿ ಎಂದು.

ಫೋನ್ ಇಟ್ಟ ಮೇಲೆ ಆಕೆ ರೇಗಿದಳು. "ಇಂಥಾ ಟೈಮ್‌ನ್ಯಾಗ ಯಾಕ ಕರ್ಕೊಂಡು ಹೊಂಟಿದ್ರಿ ಅಮ್ಮಾ? ಅದೂ ಆ ಆಟೋದಾಗ?"

"ಮತ್ತೇನು ಮಾಡ್ಲಿ?" ಎಂದಳು ಮೈಲಮ್ಮ. ದನಿ ಈಗ ಬಂದಿತ್ತು. "ನೀವ ಹೇಳಿದ್ರಲ್ಲ, ನಮ್ಮ ಕೆಳಗ ಮೂವತ್ತೈದಡಿ ಅಷ್ಟ ಐತಿ ಅಂತ. ದಿನಾ ಎರಡು ಹೊತ್ತು ಬಂದು ನೋಡಿ, ಇವತ್ತು ಜಾಸ್ತಿ ಫರಕ್ ಬಂತು ಅಂದ್ರಿ. ಮನಿ ಕುಸಿಯೋ ತನಕ ಮಗಳ್ನ ಒಳಗ ಇಟ್ಕೊಂಡು ಕುಂದ್ರಬೇಕಿತ್ತೇನು?"

ಸುಕನ್ಯಾಳ ಮುಖದ ಬಣ್ಣವೇ ಇಳಿದುಹೋಯಿತು. ಮೇಘಾ ಕಣ್ಣು ಮುಚ್ಚಿಕೊಂಡಿದ್ದಳು, ಉಸಿರು ಸಣ್ಣಗೆ ಆಡುತ್ತಿತ್ತು. ಹರಪನಹಳ್ಳಿ ಬರುವ ತನಕ ಸುಕನ್ಯಾ ಆ ಉಸಿರನ್ನೇ ನೋಡುತ್ತ ಕೂತಳು.

ಆಸ್ಪತ್ರೆಯ ಬಾಗಿಲಲ್ಲಿ ತಳ್ಳುಗಾಡಿ ಹಿಡಿದು ನಿಂತಿದ್ದರು. ಮೇಘಾಳನ್ನು ಒಳಗೆ ಒಯ್ದರು, ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಮೈಲಮ್ಮ ಕಾರಿಡಾರಿನ ಗೋಡೆಗೆ ಒರಗಿ ನೆಲಕ್ಕೆ ಕೂತಳು. ಕೈಯ ರಕ್ತ ಒಣಗಿ ಕಪ್ಪಾಗುತ್ತಿತ್ತು, ತೊಳೆದುಕೊಳ್ಳಲು ಏಳಲಿಲ್ಲ. ಎದ್ದು ಹೋದರೆ ಆ ಹೊತ್ತಿಗೇ ಏನಾದರೂ ಆಗಿಬಿಡುತ್ತದೆ ಎಂದು ಆಕೆಯ ಭಯ. ಬುತ್ತಿ ಬಿಚ್ಚಲು ಕೂತಾಗಲೇ ಅಲ್ಲವೆ ಅಂದು ಆದದ್ದು.

ಸುಕನ್ಯಾ ಬಂದು ಪಕ್ಕದಲ್ಲೇ ನೆಲದ ಮೇಲೆ ಕೂತಳು. ಬೆಂಚು ಇತ್ತು, ಅದರ ಮೇಲೆ ಕೂರಲಿಲ್ಲ.

"ಅಮ್ಮಾ, ಅಡಿ ಅಲ್ಲ. ಮೂವತ್ತೈದು ಕಿಲೋಮೀಟ್ರು. ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ. ಈಗ ನಿಮ್ಮ ಹಟ್ಟಿಯಿಂದ ಇಲ್ಲೀ ತನಕ ಬಂದ್ವಲ್ಲ, ಹೆಚ್ಚುಕಡಿಮಿ ಅಷ್ಟು ದೂರ ಕೆಳಗ ಹೋದ್ರೂ ಬರೀ ಕಲ್ಲ ಐತಿ. ಅದನ್ನ ನಾವು ತೆಳು ಅಂತೀವಿ, ಆ ಕಡಿ ಇನ್ನೂ ದಪ್ಪ ಐತಿ ಅಂತ. ಬೋರು ಗೀರು ಅದಕ್ಕ ಗೀರಿದಂಗೂ ಅಲ್ಲ."

ಮೈಲಮ್ಮ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. "ಮತ್ತ ದಿನಾ ಎರಡು ಹೊತ್ತು ಯಾಕ ಬರ್ತಿದ್ರಿ?"

"ಮಷೀನೊಳಗ ಒಂದು ಸಣ್ಣ ಸ್ಪ್ರಿಂಗ್ ಐತಿ. ದಿನಪೂರ್ತಿ ತಿರುಗಾಡಿ ಅದು ದಣೀತೈತಿ, ಸಂಜಿಗೆ ಲೆಕ್ಕ ಬ್ಯಾರೆ ತೋರಿಸ್ತೈತಿ. ಎಷ್ಟು ದಣಿದೈತಿ ಅಂತ ತಿಳೀಬೇಕಂದ್ರ, ಅಲುಗಾಡದ ಒಂದು ಜಾಗ ಬೇಕು. ಅಲ್ಲಿ ಬೆಳಿಗ್ಗಿ ಒಮ್ಮಿ, ಸಂಜಿ ಒಮ್ಮಿ ಇಟ್ಟು ನೋಡ್ತೀವಿ. ಫರಕ್ ಬಂದಿದ್ದು ಮಷೀನಿಂದು, ನೆಲದ್ದಲ್ಲ. ಇಷ್ಟೂ ತಿರುಗಿ ಹುಡುಕಿ ನಿಮ್ಮ ಮನಿ ಮುಂದಿನ ಕಲ್ಲು ಆರಿಸ್ಕೊಂಡ್ವಿ. ನಾವು ನೋಡಿದ್ರಾಗ ಅದಕ್ಕಿಂತ ಗಟ್ಟಿ ಜಾಗ ಎಲ್ಲೂ ಸಿಗಲಿಲ್ಲಮ್ಮಾ."

ಮೈಲಮ್ಮನಿಗೆ ಇದನ್ನು ಅರಗಿಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು. ಅಲುಗದ ಜಾಗವೆಂದು ಬಂದಿದ್ದರು. ಆ ಜಾಗದ ಮೇಲಿಂದ, ಮಲಗಿದ್ದ ಮಗಳನ್ನು ಎಬ್ಬಿಸಿ, ತಗ್ಗುದಿನ್ನೆಯಲ್ಲಿ ಕುಲುಕಿಸಿಕೊಂಡು ತಂದವಳು ತಾನೇ. ಹಲ್ಲು ಕಟಕಟ ಅನ್ನತೊಡಗಿದವು.

"ಮೂವತ್ತೈದು ಕಿಲೋಮೀಟ್ರು ಕಲ್ಲು ಐತಿ ಅಂತೀರಿ," ಎಂದಳು ಕಡೆಗೆ. "ಇದ್ರೂ ಇರಬೋದು. ನಮ್ಮನಿಯೋರ್ನ ಮುಚ್ಚಾಕ ಮ್ಯಾಲಿನ ಇಪ್ಪತ್ತಡಿ ಮಣ್ಣು ಸಾಕಾತಲ್ರೀ ಯವ್ವಾ."

ಸುಕನ್ಯಾಳಿಗೆ ಆ ಬಾವಿಯ ಸುದ್ದಿ ಗೊತ್ತಿರಲಿಲ್ಲ. ಮೈಲಮ್ಮ ಹೇಳಿದಳು. ಹಸಿ ಮಣ್ಣು, ಗುತ್ತಿಗೆದಾರ, ಬೀಡಿ, ಬುತ್ತಿ, ಸದ್ದು. "ಇಳೀಬೋದೇನ್ರಿ ಅಂತ ಕೇಳಿದ್ದೆ ನಾನು. ಏನಾಗಲ್ಲ ಬಿಡ್ರಿ ಅಮ್ಮಾ, ಅಂದ. ನಿನ್ನೆ ನೀವೂ ಹಂಗ ಅಂದ್ರಿ." ಹೇಳುವಾಗ ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸುಕನ್ಯಾ ತಲೆ ಕೆಳಗೆ ಹಾಕಿಕೊಂಡು, ಅಂಗೈಯನ್ನು ನೆಲಕ್ಕೆ ಊರಿ ಕೂತಿದ್ದಳು.

ಹೊರಗೆ ಅರುಣಕುಮಾರನ ಆಟೋ ಗಡಗಡ ಎನ್ನುತ್ತ ಬಂದು ನಿಂತಿತು. ಮಷೀನು ದಾರಿಯುದ್ದಕ್ಕೂ ಕುಣಿದುಕೊಂಡೇ ಬಂದಿತ್ತು. ರಾಮಾಂಜನೇಯ ಅದನ್ನು ಮಗುವಿನ ಹಾಗೆ ಎತ್ತಿ ಜೀಪಿಗೆ ಒಯ್ದು ಇಟ್ಟ. ಅಂದಿನ ಲೆಕ್ಕವೆಲ್ಲ ಕೆಟ್ಟಿತ್ತು. ಅದನ್ನು ಒಳಗೆ ಬಂದು ಹೇಳುವ ಧೈರ್ಯ ಅವನಿಗಾಗಲಿಲ್ಲ.

ಕಾರಿಡಾರಿನಲ್ಲಿ ಒಬ್ಬ ನರ್ಸ್ ರಕ್ತದ ಚೀಲ ಹಿಡಿದು ಓಡಿ ಒಳಗೆ ಹೋದಳು. ಬಾಗಿಲು ಮತ್ತೆ ಮುಚ್ಚಿತು. ಮೈಲಮ್ಮ ಸುಕನ್ಯಾಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಉಗುರು ಚುಚ್ಚುವಷ್ಟು.

"ಮೇಡಂ, ನನ್ನ ಮಗಳಿಗೆ ಏನೂ ಆಗಲ್ಲ ಹೌದಲ್ರಿ?"

ಸುಕನ್ಯಾ ಬಾಯಿ ತೆರೆದಳು. ಯಾರಾದರೂ ಅನ್ನುವ ಮಾತು ಅದು, ನಾಲಿಗೆಯ ತುದಿಗೆ ತಾನಾಗಿ ಬರುವ ಮಾತು. ಆಕೆ ತುಟಿ ಕಚ್ಚಿಕೊಂಡಳು. ಆಮೇಲೆ ಮೈಲಮ್ಮನ ಕಣ್ಣನ್ನೇ ನೋಡುತ್ತ ಅಂದಳು.

"ನನಗ ಗೊತ್ತಿಲ್ಲಮ್ಮಾ. ನಾನು ಇಲ್ಲೇ ನಿಮ್ಮ ಕೂಡ ಕುಂತಿರ್ತೀನಿ."

ಮೈಲಮ್ಮ ತಲೆಯಾಡಿಸಿದಳು. ಕೈ ಬಿಡಲಿಲ್ಲ. ಆದರೆ ಹಲ್ಲು ಕಟಕಟ ಅನ್ನುವುದು ನಿಂತಿತು. ಇಬ್ಬರೂ ಗೋಡೆಗೆ ಒರಗಿ, ಆ ಬಾಗಿಲನ್ನು ನೋಡುತ್ತ ಕೂತರು. ಕಿಟಕಿಯ ಬಿಸಿಲು ಎದುರಿನ ಗೋಡೆಯಿಂದ ಜಾರಿ ನೆಲಕ್ಕೆ ಬಂತು. ಯಾರೋ ಕಸ ಗುಡಿಸಿ ಹೋದರು.

ಬಾಗಿಲು ತೆರೆದು ಅದೇ ನರ್ಸ್ ಹೊರಗೆ ಬಂದಳು. ಕೈಯಲ್ಲಿ ಹಸಿರು ಬಟ್ಟೆಯ ಗಂಟು ಇತ್ತು. "ಮೇಘಾನ ಕಡೇರು ಯಾರ್ರಿ?"

"ನಾನು, ತಾಯಿ," ಎಂದಳು ಮೈಲಮ್ಮ, ಕೂತಲ್ಲಿಂದಲೇ. "ಆಕಿ?"

"ಅದಾಳ. ರಕ್ತ ಬಾಳ ಹೋಗೈತಿ, ಕೊಡಾಕತ್ತೀವಿ. ಇವತ್ತು ನಾಳಿ ನೋಡ್ಬೇಕು ಅಂದಾರ ಡಾಕ್ಟ್ರು. ಕೂಸು ಹೆಣ್ಣು. ಹಿಡ್ಕೊಳ್ರಿ ಬರ್ರಿ."

ಗಂಟಿನೊಳಗಿಂದ ಸಣ್ಣ ಅಳು ಕೇಳಿಸಿತು. ಸುಕನ್ಯಾ ಎದ್ದು ಕೈ ಚಾಚಿದಳು, ಮೈಲಮ್ಮ ಆ ಕೈ ಹಿಡಿದುಕೊಂಡಳು. ಏಳುವ ಮೊದಲು ಬರಿಗಾಲಿನಿಂದ ಕೆಳಗಿನ ನೆಲವನ್ನು ಒಮ್ಮೆ ಮೆಲ್ಲಗೆ, ಇನ್ನೊಮ್ಮೆ ಜೋರಾಗಿ ಒತ್ತಿ ನೋಡಿದಳು. ಆಮೇಲೆ ಎದ್ದು ಹೋಗಿ ಕೂಸನ್ನು ತೆಗೆದುಕೊಂಡಳು.